ಪ್ರಮಾಣ, ಫಲ, ಇಚ್ಛೆ: ಶ್ರಾವಕರ ಲೆಕ್ಕಪಾಠದ ಇತಿಹಾಸ

ಮಹಾವೀರಾಚಾರ್ಯರ 'ಗಣಿತಸಾರಸಂಗ್ರಹ'ದಲ್ಲಿ ಗುಣಾಕಾರವನ್ನು ಕಲಿಸುವೆಡೆ ಬರುವ ಉದಾಹರಣೆಗಳಲ್ಲಿ ಒಂದು ಹೀಗಿದೆ: ಒಂದೊಂದು ಜಿನಾಲಯಕ್ಕೆ ಎಂಟೆಂಟು ತಾವರೆಗಳಂತೆ ಪೂಜೆಗೆ ಅರ್ಪಿಸಿದರೆ 144 ಜಿನಾಲಯಗಳಿಗೆ ಅರ್ಪಿಸಿದ ತಾವರೆಗಳೆಷ್ಟು? ಉತ್ತರ 1152. ಇಂದು ನಾಲ್ಕನೆಯ ತರಗತಿಯ ಮಗುವೂ ಇದನ್ನು ಮಾಡೀತು. ಆದರೆ ಮೂಲ ಶ್ಲೋಕದಲ್ಲಿ ಜಿನಾಲಯಕ್ಕೆ 'ವಸತಿ' ಎಂಬ ಶಬ್ದವೂ ಬಂದಿದೆ. ನಾವು ದಿನವೂ ಆಡುವ 'ಬಸದಿ'ಯ ಮೂಲರೂಪ ಅದು. ಸುಮಾರು 1,150 ವರ್ಷಗಳ ಹಿಂದೆ ಈ ನಾಡಿನ ಒಬ್ಬ ಆಚಾರ್ಯರು ಮಕ್ಕಳಿಗೆ ಲೆಕ್ಕ ಹೇಳಿಕೊಡುವಾಗ ಬಸದಿಯನ್ನೇ ಉದಾಹರಣೆಯಾಗಿ ತೆಗೆದುಕೊಂಡರು ಎಂಬುದು ನಮ್ಮವರು ಹೆಮ್ಮೆಯಿಂದ ನೆನೆಯುವ ಸಂಗತಿ. ಹೆಮ್ಮೆಯಷ್ಟಕ್ಕೇ ನಿಂತರೆ ಮಾತ್ರ ಆ ಗ್ರಂಥದಿಂದ ನಮಗಾಗಬೇಕಾದ ಪ್ರಯೋಜನ ಆಗದು. ಹಣದ ಲೆಕ್ಕವನ್ನು, ಅದರಲ್ಲಿಯೂ ಅನುಪಾತ, ಶೇಕಡಾ, ಬಡ್ಡಿಗಳ ಲೆಕ್ಕವನ್ನು ಆ ಗ್ರಂಥ ಕಲಿಸುವ ಕ್ರಮವೇ ಬೇರೆ. ಆ ಕ್ರಮದಲ್ಲಿ ನಾವು ಬಿಟ್ಟುಕೊಟ್ಟಿರುವುದೊಂದಿದೆ. ಅದರ ವಿಚಾರವಾಗಿ ಇಲ್ಲಿ ಕೆಲವು ಮಾತು.

ಮಹಾವೀರಾಚಾರ್ಯರು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದವರು. ಮಾನ್ಯಖೇಟದಿಂದ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ, ಆತ ಆಳಿದ ಕಾಲ ಕ್ರಿ.ಶ. 814ರಿಂದ 878ರವರೆಗೆ ಎಂದು ಸ್ಥೂಲವಾಗಿ ಹೇಳುತ್ತಾರೆ; ಗ್ರಂಥದ ಕಾಲ ಸುಮಾರು 850. ಸಂಸ್ಕೃತದಲ್ಲಿ ಸಾವಿರದ ನೂರಕ್ಕೂ ಹೆಚ್ಚು ಶ್ಲೋಕಗಳಿರುವ ಇದನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಿಂದ ಪ್ರಕಟಿಸಿದರು. 2000ದಲ್ಲಿ ಹೊಂಬುಜದಿಂದ ಪದ್ಮಾವತಮ್ಮನವರ ಕನ್ನಡ ಅನುವಾದದೊಡನೆ ಹೊರಬಂದುದರಿಂದ ಸಂಸ್ಕೃತ ಬಾರದವರಿಗೂ ಈಗ ಅದು ಎಟುಕುವಂತಾಗಿದೆ. ಗ್ರಂಥಾರಂಭದಲ್ಲಿ ಆಚಾರ್ಯರು ಗಣಿತದ ಉಪಯೋಗಗಳನ್ನು ಎಣಿಸುತ್ತಾರೆ. ಲೌಕಿಕ, ವೈದಿಕ, ಸಾಮಯಿಕ ಎಂಬ ಮೂರು ಬಗೆಯ ವ್ಯವಹಾರಗಳನ್ನೂ ಹೇಳಿ, ಅರ್ಥಶಾಸ್ತ್ರ, ಸಂಗೀತ, ನಾಟಕ, ವೈದ್ಯ, ವಾಸ್ತುವಿದ್ಯೆಗಳ ಸಾಲಿನಲ್ಲಿ ಅಡುಗೆಯ ಶಾಸ್ತ್ರವನ್ನೂ ಸೇರಿಸುತ್ತಾರೆ. ಪಾಯಸಕ್ಕೆ ಬೆಲ್ಲದ ಪಾಕ ಬಲ್ಲ ಗೃಹಿಣಿಗೆ ಅನುಪಾತದ ಪಾಠ ಬೇರೆ ಬೇಕಿಲ್ಲ ಎಂಬುದು ಅವರಿಗೆ ತಿಳಿದಿತ್ತೆಂದು ಕಾಣುತ್ತದೆ.

ಒಂಬತ್ತು ಅಧಿಕಾರಗಳಲ್ಲಿ ಹಣಕಾಸಿಗೆ ಸಂಬಂಧಿಸಿದ ಪಾಠ ಮುಖ್ಯವಾಗಿ ಎರಡರಲ್ಲಿದೆ: ತ್ರೈರಾಶಿಕ ವ್ಯವಹಾರ ಮತ್ತು ಮಿಶ್ರಕ ವ್ಯವಹಾರ. ತ್ರೈರಾಶಿಕವು ಮಹಾವೀರಾಚಾರ್ಯರ ಸೃಷ್ಟಿಯಲ್ಲ. 499ರ ಆರ್ಯಭಟೀಯದಲ್ಲಿ ಅದರ ಸೂತ್ರವಿದೆ, ಬ್ರಹ್ಮಗುಪ್ತನಲ್ಲಿಯೂ ಇದೆ. ತಿಳಿದಿರುವ ರಾಶಿಗಳು ಮೂರು. ಮೊದಲನೆಯದು ಪ್ರಮಾಣ, ಎರಡನೆಯದು ಫಲ, ಮೂರನೆಯದು ಇಚ್ಛೆ. ಐದು ಸೇರು ಅಕ್ಕಿಗೆ ನಲವತ್ತು ಹಣವಾದರೆ ಹನ್ನೆರಡು ಸೇರಿಗೆಷ್ಟು ಎಂದು ಕೇಳಿದಾಗ ಐದು ಸೇರು ಪ್ರಮಾಣ, ನಲವತ್ತು ಹಣ ಫಲ, ಹನ್ನೆರಡು ಸೇರು ಇಚ್ಛೆ. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದರೆ ಇಚ್ಛಾಫಲ 96 ಹಣ. ಇದರಲ್ಲಿ ಒಂದು ಕಟ್ಟುಪಾಡಿದೆ: ಪ್ರಮಾಣವೂ ಇಚ್ಛೆಯೂ ಒಂದೇ ಜಾತಿಯವಾಗಿರಬೇಕು. ಸೇರಿಗೆ ಸೇರು, ಹಣಕ್ಕೆ ಹಣ, ತಿಂಗಳಿಗೆ ತಿಂಗಳು. ಲೆಕ್ಕ ಹಿಡಿಯುವ ಮುನ್ನವೇ ವಿದ್ಯಾರ್ಥಿ ತನ್ನ ಅಳತೆಗೋಲು ಯಾವುದೆಂದು ಬಾಯಿಬಿಟ್ಟು ಹೇಳಬೇಕಾಗುತ್ತದೆ. ಸರಳವೆಂದು ತೋರುವ ಈ ಕಟ್ಟುಪಾಡಿನಲ್ಲಿಯೇ ಇಡೀ ವಿಷಯದ ಸತ್ತ್ವ ಅಡಗಿದೆ ಎಂಬುದು ಈ ಲೇಖಕನ ಅಭಿಪ್ರಾಯ.

ಶೇಕಡಾ ಎಂದು ನಾವು ಇಂದು ಕರೆಯುವುದು ಪ್ರತ್ಯೇಕ ವಿದ್ಯೆಯೇನೂ ಅಲ್ಲ. ಮರಾಠಿಯಲ್ಲಿ ಶೇಕಡಾ ಎಂದರೆ ನೂರು. ಪ್ರಮಾಣದ ಸ್ಥಾನದಲ್ಲಿ ನೂರನ್ನು ಇರಿಸಿದ ತ್ರೈರಾಶಿಕವೇ ಶೇಕಡಾ. ಬಡ್ಡಿಯ ಲೆಕ್ಕದಲ್ಲಿ ಹೀಗೆ ನೂರನ್ನು ಇರಿಸುವ ರೂಢಿ ನಮ್ಮಲ್ಲಿ ಬಹು ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರ ನೂರು ಪಣಕ್ಕೆ ತಿಂಗಳಿಗೆ ಒಂದೂಕಾಲು ಪಣದ ಬಡ್ಡಿಯನ್ನು ಧರ್ಮಸಮ್ಮತವೆನ್ನುತ್ತದೆ. ವರ್ಷಕ್ಕೆ ಅದು ನೂರಕ್ಕೆ ಹದಿನೈದಾಯಿತು. ವ್ಯಾಪಾರಿಗಳಿಗೆ ತಿಂಗಳಿಗೆ ಐದು, ಕಾಡುದಾರಿಯಲ್ಲಿ ಸಾಗುವವರಿಗೆ ಹತ್ತು, ಕಡಲಯಾನದವರಿಗೆ ಇಪ್ಪತ್ತು ಎಂದು ಅಪಾಯಕ್ಕೆ ತಕ್ಕಂತೆ ಅಲ್ಲಿ ದರ ಏರುತ್ತದೆ. ಗಣಿತಸಾರಸಂಗ್ರಹದಲ್ಲಿಯೂ ನೂರಕ್ಕೆ ತಿಂಗಳಿಗೆ ಇಷ್ಟು ಎಂದು ಹೇಳುವ ಲೆಕ್ಕಗಳು ಬರುತ್ತವೆ. ನೂರಲ್ಲದ ಬೇರೆ ಮೊತ್ತಗಳೂ, ತಿಂಗಳಲ್ಲದ ಬೇರೆ ಅವಧಿಗಳೂ ಪ್ರಮಾಣವಾಗಿ ಬರುವುದುಂಟು. ವಿದ್ಯಾರ್ಥಿ ಯಾವ ಲೆಕ್ಕದಲ್ಲಿಯೂ ಪ್ರಮಾಣವನ್ನು ಹುಡುಕದೆ ಮುಂದೆ ಹೋಗುವಂತಿಲ್ಲ.

ಈ ರೂಢಿ ಸತ್ತಿಲ್ಲ. ಇಂದಿಗೂ ಹಳ್ಳಿಯಲ್ಲಾಗಲಿ ಪೇಟೆಯಲ್ಲಾಗಲಿ ಕೈಸಾಲದ ಮಾತು ಬಂದರೆ 'ಎರಡು ರೂಪಾಯಿ ಬಡ್ಡಿ', 'ಮೂರು ರೂಪಾಯಿ ಬಡ್ಡಿ' ಎನ್ನುತ್ತಾರೆ. ನೂರಕ್ಕೆ, ತಿಂಗಳಿಗೆ ಎಂಬ ಎರಡು ಪ್ರಮಾಣಗಳು ಮಾತಿನಲ್ಲಿ ಅಡಗಿರುತ್ತವೆ. ಶಾಲೆಯಲ್ಲಿ ಹುಡುಗ ಕಲಿಯುವುದು ವಾರ್ಷಿಕ ದರವನ್ನು. ಬ್ಯಾಂಕಿನ ಹನ್ನೆರಡು ಹೆಚ್ಚೋ, ಕೈಸಾಲದ ಎರಡು ಹೆಚ್ಚೋ ಎಂದು ಕೇಳಿದರೆ, ಒಂಬತ್ತನೆಯ ತರಗತಿಯಲ್ಲಿ ಬಡ್ಡಿಯ ಲೆಕ್ಕಕ್ಕೆ ಪೂರ್ಣಾಂಕ ಪಡೆದವನೂ ಒಮ್ಮೊಮ್ಮೆ ತಡವರಿಸುವುದನ್ನು ಕಂಡಿದ್ದೇನೆ. ಎರಡು ರೂಪಾಯಿ ಎಂದರೆ ವರ್ಷಕ್ಕೆ ನೂರಕ್ಕೆ ಇಪ್ಪತ್ತನಾಲ್ಕು. ಅಸಲು, ದರ, ಕಾಲಗಳನ್ನು ಗುಣಿಸಿ ನೂರರಿಂದ ಭಾಗಿಸುವ ಸೂತ್ರ ಅವನಿಗೆ ಕಂಠಪಾಠವಾಗಿದೆ. ದರ ಯಾವುದರ ಮೇಲೆ, ಎಷ್ಟು ಕಾಲಕ್ಕೆ ಎಂದು ಕೇಳುವ ಅಭ್ಯಾಸ ಮಾತ್ರ ಆಗಿಲ್ಲ.

ಮಿಶ್ರಕ ವ್ಯವಹಾರದಲ್ಲಿ ಪಾಠ ಇನ್ನೂ ಸ್ವಾರಸ್ಯವಾಗುತ್ತದೆ. ಮಿಶ್ರವೆಂದರೆ ಬೆರೆತದ್ದು. ಅಸಲು ಬಡ್ಡಿಗಳು ಬೆರೆತ ಒಟ್ಟು ಮೊತ್ತ ಮಾತ್ರ ತಿಳಿದಿದೆ, ಅವುಗಳನ್ನು ಬೇರ್ಪಡಿಸಬೇಕು. ನಮ್ಮ ಕಾಲದ ಒಂದು ಉದಾಹರಣೆ ತೆಗೆದುಕೊಳ್ಳೋಣ. ನೂರಕ್ಕೆ ತಿಂಗಳಿಗೆ ಎರಡರಂತೆ ಒಂದು ವರ್ಷದ ಬಳಿಕ ಸಾಲಗಾರನು 620 ರೂಪಾಯಿ ತೀರಿಸಿದನು. ಅಸಲೆಷ್ಟು? ನೂರು ಅಸಲಾದರೆ ಮಿಶ್ರಧನ 124. ಆದುದರಿಂದ 124 ಪ್ರಮಾಣ, 100 ಫಲ, 620 ಇಚ್ಛೆ. ಅಸಲು 500, ಬಡ್ಡಿ 120. ಇಲ್ಲಿ ಪ್ರಮಾಣದ ಸ್ಥಾನದಲ್ಲಿ ನೂರು ಕುಳಿತಿಲ್ಲ ಎಂಬುದನ್ನು ಗಮನಿಸಬೇಕು. 620ರಲ್ಲಿ ನೂರಕ್ಕೆ ಇಪ್ಪತ್ತನಾಲ್ಕನ್ನು ಕಳೆಯಹೊರಟವನು ಅಸಲು 471 ರೂಪಾಯಿ 20 ಪೈಸೆ ಎಂಬ ತಪ್ಪು ಉತ್ತರಕ್ಕೆ ತಲುಪುತ್ತಾನೆ. ತೆರಿಗೆ ಸೇರಿದ ಬೆಲೆಯಿಂದ ತೆರಿಗೆಯನ್ನು ಬಿಡಿಸಿ ತೋರಿಸಬೇಕಾದ ಅಂಗಡಿಯವರು ಇಂದು ದಿನವೂ ಎದುರಿಸುವ ಲೆಕ್ಕ ಇದೇ ಜಾತಿಯದು.

ಅದೇ ಅಧಿಕಾರದಲ್ಲಿ ಪ್ರಕ್ಷೇಪಕವೆಂಬ ಹೆಸರಿನಲ್ಲಿ ಪಾಲುದಾರರಿಗೆ ಲಾಭ ಹಂಚುವ ಕ್ರಮವಿದೆ. ಆರು ಸಾವಿರ, ಒಂಬತ್ತು ಸಾವಿರ, ಹದಿನೈದು ಸಾವಿರ ಹೂಡಿದ ಮೂವರಿಗೆ ನಾಲ್ಕು ಸಾವಿರ ಲಾಭ ಬಂದರೆ 2, 3, 5ರ ಅನುಪಾತದಲ್ಲಿ 800, 1200, 2000 ಎಂದು ಹಂಚಬೇಕು. ಸುವರ್ಣಕುಟ್ಟೀಕಾರವೆಂಬಲ್ಲಿ ಬೇರೆ ಬೇರೆ ಬಣ್ಣದ ಚಿನ್ನವನ್ನು ಕರಗಿಸಿ ಬೆರೆಸಿದಾಗ ಉಂಟಾಗುವ ಬಣ್ಣವನ್ನು ಕಂಡುಹಿಡಿಯುತ್ತಾರೆ. ಅಪ್ಪಟ ಚಿನ್ನಕ್ಕೆ ಹದಿನಾರು ಬಣ್ಣ. ಹನ್ನೆರಡು ಬಣ್ಣದ ಐದು ಗದ್ಯಾಣವನ್ನೂ ಹದಿನಾರು ಬಣ್ಣದ ಮೂರು ಗದ್ಯಾಣವನ್ನೂ ಕರಗಿಸಿದರೆ ಎಂಟು ಗದ್ಯಾಣದ ಗಟ್ಟಿಯ ಬಣ್ಣ ಹದಿಮೂರೂವರೆ. ಇಂದು ಒಡವೆಯ ಮೇಲೆ 916 ಎಂಬ ಗುರುತನ್ನು ಕಾಣುತ್ತೇವೆ. ಇಪ್ಪತ್ತನಾಲ್ಕರಲ್ಲಿ ಇಪ್ಪತ್ತೆರಡು ಪಾಲು, ಅಂದರೆ ಸಾವಿರದಲ್ಲಿ 916 ಪಾಲು ಚಿನ್ನ ಎಂದು ಅದರ ಅರ್ಥ; ಮಹಾವೀರಾಚಾರ್ಯರ ಲೆಕ್ಕದಲ್ಲಿ ಹೇಳುವುದಾದರೆ ಹದಿನಾಲ್ಕು ಬಣ್ಣ ಮತ್ತು ಮೂರರಲ್ಲಿ ಎರಡು ಪಾಲು. 2021ರ ಜೂನ್‌ನಿಂದ ಹಾಲ್‌ಮಾರ್ಕ್ ಹಂತ ಹಂತವಾಗಿ ಕಡ್ಡಾಯವಾಗಿದೆ. ಅನುಪಾತ, ಶೇಕಡಾ, ದಶಮಾಂಶಗಳು ಒಂದೇ ಸಂಗತಿಯ ಮೂರು ಭಾಷೆಗಳೆಂದು ಮಗುವಿಗೆ ತೋರಿಸಲು ತಾಯಿಯ ಬಳೆಗಿಂತ ಒಳ್ಳೆಯ ಸಾಧನ ಸಿಗಲಾರದು.

ಇಷ್ಟೆಲ್ಲ ಲೆಕ್ಕ ಬಲ್ಲವನು ಅದನ್ನು ಯಾವುದಕ್ಕೆ ಬಳಸುತ್ತಾನೆ ಎಂಬ ಪ್ರಶ್ನೆ ನಮ್ಮ ಆಚಾರ್ಯರಿಗೆ ಹೊಸದಾಗಿರಲಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವನ್ನು ಹೇಳುತ್ತದೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅದನ್ನು ಬಿಡಿಸಿ ಹೇಳಿದ್ದಾರೆ: ಕೊಳಗ ಬಳ್ಳಗಳಂತಹ ಅಳತೆ ಮಾನ, ತಕ್ಕಡಿಯ ತೂಕ ಉನ್ಮಾನ, ಕಡಿಮೆಯದರಿಂದ ಪರರಿಗೆ ಕೊಡುವುದು, ಹೆಚ್ಚಿನದರಿಂದ ತಾನು ಕೊಳ್ಳುವುದು, ಇಂತಹ ಕಪಟವೇ ಈ ಅತಿಚಾರ. ಇದನ್ನು ವ್ರತದ ಪಟ್ಟಿಯಾಗಿ ಬಾಯಿಪಾಠ ಮಾಡಿಸುವುದು ನಮ್ಮ ಪಾಠಶಾಲೆಗಳಲ್ಲಿ ಸಾಮಾನ್ಯ. ಲೆಕ್ಕವಾಗಿ ಮಾಡಿಸಿದರೆ ಏನಾಗುತ್ತದೆ ನೋಡೋಣ. ಒಬ್ಬ ವರ್ತಕನು ಹತ್ತರಲ್ಲಿ ಒಂದು ಪಾಲು ದೊಡ್ಡದಾದ ಕೊಳಗದಿಂದ ರೈತನಲ್ಲಿ ಧಾನ್ಯ ಕೊಳ್ಳುತ್ತಾನೆ. ಹತ್ತರಲ್ಲಿ ಒಂದು ಪಾಲು ಚಿಕ್ಕದಾದ ಕೊಳಗದಿಂದ ಅದೇ ಧಾನ್ಯವನ್ನು ಅದೇ ದರಕ್ಕೆ ಮಾರುತ್ತಾನೆ. ಹತ್ತು ಹೆಚ್ಚು, ಹತ್ತು ಕಡಿಮೆ. ಒಟ್ಟು ಇಪ್ಪತ್ತು ಎನ್ನುತ್ತದೆ ಮಗು. ವಾಸ್ತವವಾಗಿ ನೂರು ಕೊಳಗವೆಂದು ಕೊಂಡದ್ದು ನಿಜವಾಗಿ 110 ಕೊಳಗ. ಅಳತೆ ಚಿಕ್ಕದಾದಂತೆ ಸಂಖ್ಯೆ ದೊಡ್ಡದಾಗುವ ವ್ಯಸ್ತ ತ್ರೈರಾಶಿಕದಿಂದ ಅದನ್ನು ಒಂಬತ್ತು ಪಾಲಿನ ಕೊಳಗದಲ್ಲಿ ಅಳೆದರೆ 122 ಕೊಳಗ ಮತ್ತು ಒಂಬತ್ತರಲ್ಲಿ ಎರಡು ಪಾಲು. ಕಣ್ಣಿಗೆ ಕಾಣುವ ಮೋಸಕ್ಕಿಂತ ಕೈಗೆ ಸೇರುವ ಲಾಭ ಹೆಚ್ಚು. ರೈತನಿಗೂ ಗಿರಾಕಿಗೂ ಹೋದದ್ದೆಷ್ಟು ಎಂದು ಬೇರೆ ಬೇರೆಯಾಗಿ ಕೇಳಿದರೆ ಪಾಠ ಇನ್ನೂ ಚುರುಕಾಗುತ್ತದೆ. ಅತಿಚಾರವೆಂಬ ಪದ ಮರೆತುಹೋದರೂ ಈ 22 ಎಂಬ ಅಂಕಿ ಮರೆಯುವುದಿಲ್ಲ.

ಈ ವಿದ್ಯೆ ಸಂಸ್ಕೃತದಲ್ಲಿಯೇ ಉಳಿಯಲಿಲ್ಲ. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಗಣಿತಸಾರಸಂಗ್ರಹವನ್ನು ತೆಲುಗಿಗೆ ತಂದನು. ಕನ್ನಡದಲ್ಲಿ 12ನೆಯ ಶತಮಾನದ ಜೈನಕವಿ, ಪೂವಿನಬಾಗೆಯ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದವನ್ನು ರಚಿಸಿದನು. ವ್ಯವಹಾರಗಣಿತದಲ್ಲಿ ತ್ರೈರಾಶಿ, ಪಂಚರಾಶಿ, ಸಪ್ತರಾಶಿ, ನವರಾಶಿಗಳು ಕನ್ನಡದ ಪದ್ಯಗದ್ಯಗಳಲ್ಲಿ ಬಂದವು. ಪೇಟೆಯವನಿಗೆ ಬೇಕಾದ ಲೆಕ್ಕ ಪೇಟೆಯವನ ಭಾಷೆಯಲ್ಲಿ ಸಿಕ್ಕಿತು. ಬಳಿಕ ಕೂಲಿಮಠಗಳಲ್ಲಿ ಐಗಳು ಮರಳಿನ ಮೇಲೆ ತಿದ್ದಿಸಿದ ಮಗ್ಗಿಗಳಲ್ಲಿ ಕಾಲು, ಅರೆ, ಮುಕ್ಕಾಲುಗಳ ಮಗ್ಗಿಗಳೂ ಇದ್ದವು. ಹದಿನಾರರಲ್ಲಿ ಒಂದು ಪಾಲಿಗೆ ವೀಸ ಎಂಬ ಹೆಸರು. ಚಂದ್ರನ ಕಲೆಗಳು ಹದಿನಾರು, ಚಿನ್ನದ ಬಣ್ಣ ಹದಿನಾರು, ರೂಪಾಯಿಗೆ ಆಣೆ ಹದಿನಾರು. ಅರ್ಧ, ಅರ್ಧದರ್ಧ ಎಂದು ಮಡಿಸುತ್ತ ಹೋದರೆ ಕೈಗೆ ಸಿಗುವ ಸಂಖ್ಯೆ ಅದು. ಹತ್ತರ ಸ್ಥಾನಗಳು ನಮ್ಮವೇ. ಗಣಿತಸಾರಸಂಗ್ರಹ 24 ಸ್ಥಾನಗಳಿಗೆ ಹೆಸರಿಡುತ್ತದೆ. ಆದರೆ ಆ ಸ್ಥಾನಗಳನ್ನು ಏಕಸ್ಥಾನದಿಂದ ಕೆಳಗಿಳಿಸಿ ದಶಮಾಂಶವನ್ನಾಗಿ ಬರೆಯುವ ಪದ್ಧತಿಯನ್ನು ನಮ್ಮ ಶಾಲೆಗಳು ಯುರೋಪಿನಿಂದ ಪಡೆದವು. ಅಲ್ಲಿ ಅದನ್ನು ಬಳಕೆಗೆ ತಂದ ಮುಖ್ಯ ಪುಸ್ತಕ 1585ರಲ್ಲಿ ಸೈಮನ್ ಸ್ಟೆವಿನ್ ಬರೆದದ್ದು. ನಮ್ಮವರು ಭಿನ್ನಗಳನ್ನು ಸಮಚ್ಛೇದಕ್ಕೆ ತಂದು ಕೂಡಿಸುತ್ತಿದ್ದರು. ಅದಕ್ಕಾಗಿ ಲಘುತಮ ಸಾಮಾನ್ಯ ಅಪವರ್ತ್ಯವನ್ನು 'ನಿರುದ್ಧ'ವೆಂಬ ಹೆಸರಿನಿಂದ ಹೇಳಿಕೊಟ್ಟವರು ಮಹಾವೀರಾಚಾರ್ಯರೇ.

ಹದಿನಾರರ ಲೆಕ್ಕ ಹೋಗಿ ನೂರರ ಲೆಕ್ಕ ಬಂದದ್ದು 1957ರ ಏಪ್ರಿಲ್ 1ರಂದು. ಅದುವರೆಗೆ ರೂಪಾಯಿಗೆ 16 ಆಣೆ, 64 ಪೈಸೆ, 192 ಪೈ. ಅಂದಿನಿಂದ ರೂಪಾಯಿಗೆ 100 ನಯಾ ಪೈಸೆ. ಹಳೆಯ ನಾಣ್ಯಗಳು ಕೆಲಕಾಲ ಜೊತೆಜೊತೆಯಾಗಿಯೇ ಚಲಾವಣೆಯಲ್ಲಿದ್ದುದರಿಂದ ಪರಿವರ್ತನೆಗೆ ನಿಯಮ ಬೇಕಾಯಿತು. ಒಂದಾಣೆ ಎಂದರೆ ಆರೂಕಾಲು ನಯಾ ಪೈಸೆ. ಅರ್ಧ ಅಥವಾ ಅದಕ್ಕಿಂತ ಕಡಿಮೆ ಉಳಿದರೆ ಬಿಡತಕ್ಕದ್ದು, ಹೆಚ್ಚಾದರೆ ಒಂದು ಪೂರ್ಣ ನಯಾ ಪೈಸೆ ಎಂದು ಎಣಿಸತಕ್ಕದ್ದು ಎಂಬುದು ಕಾನೂನು. ಹಾಗಾಗಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ನಯಾ ಪೈಸೆ. ಒಂದಾಣೆಯ ಸಾಮಾನನ್ನು ನಾಲ್ಕು ಬಾರಿ ಕೊಂಡವನು 24 ಕೊಟ್ಟ. ಒಟ್ಟಿಗೆ ಕೊಂಡವನು 25 ಕೊಟ್ಟ. ಒಂದಾಣೆಯ ಪ್ರತಿ ಮಾರಾಟದಲ್ಲಿ ಅಂಗಡಿಯವನಿಗೆ ಹೋದದ್ದು ಕಾಲು ನಯಾ ಪೈಸೆ, ಅಂದರೆ ನೂರಕ್ಕೆ ನಾಲ್ಕು. ಮೂರಾಣೆಯಲ್ಲಿ ಅದೇ ಕಾಲು ಅವನಿಗೆ ದಕ್ಕಿತು. ಯಾರ ಮೋಸವೂ ಇಲ್ಲದೆ ಬರಿಯ ಅಂಕಿಯ ಸ್ವಭಾವದಿಂದಲೇ ಪಾಲು ಅತ್ತಿತ್ತ ಸರಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 1964ರಲ್ಲಿ 'ನಯಾ' ಎಂಬ ವಿಶೇಷಣ ಬಿಟ್ಟುಹೋಯಿತು.

ಪೈಸೆಯಿಂದ ದಶಮಾಂಶದ ಪಾಠಕ್ಕೆ ಒಂದು ದೊಡ್ಡ ಅನುಕೂಲವಾಯಿತು. ಏಳು ರೂಪಾಯಿ ಐದು ಪೈಸೆಯನ್ನು 7.5 ಎಂದು ಬರೆದ ಮಗುವಿಗೆ, ನೀನು ಬರೆದದ್ದು ಏಳೂವರೆ ರೂಪಾಯಿ, 7.05 ಎಂದು ಬರೆ ಎಂದು ಕೈಯಲ್ಲಿ ನಾಣ್ಯವಿಟ್ಟು ತೋರಿಸಬಹುದಾಗಿತ್ತು. ಸೊನ್ನೆಯ ಬೆಲೆ ನಲವತ್ತೈದು ಪೈಸೆ ಎಂದು ಮಗು ತಾನೇ ಲೆಕ್ಕ ಹಾಕುತ್ತಿತ್ತು. 2011ರ ಜೂನ್ ಕೊನೆಗೆ ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಕಡಿಮೆ ಬೆಲೆಯ ನಾಣ್ಯಗಳು ರದ್ದಾದವು. ಐವತ್ತು ಪೈಸೆಗೆ ಕಾನೂನಿನ ಮಾನ್ಯತೆಯಿದ್ದರೂ ಅಂಗಡಿಯಲ್ಲಿ ಅದನ್ನು ಕಂಡವರು ಅಪರೂಪ. ಪುಸ್ತಕದಲ್ಲಿ ಪೈಸೆಯ ಲೆಕ್ಕ ಮಾಡುವ ಮಕ್ಕಳು ಪೈಸೆಯನ್ನು ಮುಟ್ಟಿಲ್ಲ. ದಶಮಾಂಶದ ಪಾಠವನ್ನು ಈಗ ಚಿನ್ನದ ತೂಕದ ಚೀಟಿಯಿಂದ, ಪೆಟ್ರೋಲಿನ ರಸೀತಿಯಿಂದ, ಅಜ್ಜಿಯ ಪಾಸ್‌ಪುಸ್ತಕದ ಬಡ್ಡಿಯ ಸಾಲಿನಿಂದ ಆರಂಭಿಸುವುದು ಲೇಸು. 8.350 ಗ್ರಾಂ ಎಂಬಲ್ಲಿ ಕೊನೆಯ ಸೊನ್ನೆ ಏಕೆ ಬರೆದಿದ್ದಾರೆ ಎಂದು ಕೇಳಿದ ಮಗುವಿಗೆ ಅರ್ಧ ಪಾಠ ಆದಂತೆಯೇ.

ದಶಮಾಂಶ ಬಂದುದರಿಂದ ಲೆಕ್ಕ ಹಗುರವಾಯಿತು, ಸಂದೇಹವಿಲ್ಲ. ಆದರೆ ಅದೇ ಹಗುರದಲ್ಲಿ ಪ್ರಮಾಣವು ಕಣ್ಮರೆಯಾಯಿತು. ಶೇಕಡಾ ಚಿಹ್ನೆಯೊಂದು ಅಂಕಿಯ ಬೆನ್ನಿಗೆ ಕುಳಿತುಬಿಟ್ಟರೆ ಆ ನೂರು ಯಾವುದರ ನೂರು ಎಂದು ಯಾರೂ ಕೇಳುವುದಿಲ್ಲ. ನೂರು ರೂಪಾಯಿಯ ಸೀರೆಗೆ ಇಪ್ಪತ್ತು ಏರಿಸಿ, ಬಳಿಕ ಇಪ್ಪತ್ತರಷ್ಟು ರಿಯಾಯಿತಿ ಎಂದು ಹಲಗೆ ತೂಗುಹಾಕಿದರೆ ಬೆಲೆ ಮೊದಲಿನ ನೂರಕ್ಕೆ ಬರುವುದಿಲ್ಲ, 96ಕ್ಕೆ ಇಳಿಯುತ್ತದೆ. ಇಲ್ಲಿ ಗಿರಾಕಿಗೆ ನಾಲ್ಕು ರೂಪಾಯಿ ಲಾಭವೇ ಆಯಿತು, ನಿಜ. ಆದರೆ ಇಪ್ಪತ್ತು ರೂಪಾಯಿ ಉಳಿಸಿದೆನೆಂದು ಆಕೆ ಮನೆಗೆ ಹೋಗುತ್ತಾಳೆ. ಇಲ್ಲಿ ಎರಡು ಇಪ್ಪತ್ತುಗಳ ಪ್ರಮಾಣ ಬೇರೆ ಬೇರೆ: ಒಂದಕ್ಕೆ ನೂರು, ಇನ್ನೊಂದಕ್ಕೆ ನೂರಿಪ್ಪತ್ತು.

ಕಂತಿನ ಸಾಲದಲ್ಲಿ ಇದು ಆಟದ ಮಾತಲ್ಲ. ಹನ್ನೆರಡು ಸಾವಿರ ರೂಪಾಯಿ ಸಾಲ, ವರ್ಷಕ್ಕೆ ನೂರಕ್ಕೆ ಹತ್ತರಂತೆ ಬಡ್ಡಿ 1200, ಹನ್ನೆರಡು ತಿಂಗಳಲ್ಲಿ ತಿಂಗಳಿಗೆ 1100ರಂತೆ ತೀರಿಸಿ ಎನ್ನುತ್ತಾರೆ. ಕೇಳಲು ಹಿತವಾಗಿದೆ. ಇದನ್ನು ಪಂಚರಾಶಿಕದ ಕ್ರಮದಲ್ಲಿ ಬಿಡಿಸಬೇಕು. ಪಂಚರಾಶಿಕದಲ್ಲಿ ಅಸಲಿನ ಜೊತೆಗೆ ಕಾಲವೂ ಪ್ರಮಾಣ. ಪ್ರತಿ ಕಂತಿನಲ್ಲಿ ಒಂದು ಸಾವಿರ ಅಸಲು ತೀರುತ್ತದೆ ಎಂದು ಹಿಡಿದರೆ ಮೊದಲ ತಿಂಗಳು ಸಾಲಗಾರನ ಕೈಯಲ್ಲಿದ್ದದ್ದು 12,000, ಎರಡನೆಯ ತಿಂಗಳು 11,000, ಹೀಗೆ ಇಳಿದು ಕೊನೆಯ ತಿಂಗಳು 1,000. ಒಂದು ತಿಂಗಳ ಲೆಕ್ಕಕ್ಕೆ ಇವೆಲ್ಲ ಕೂಡಿದರೆ 78,000. ಅದಕ್ಕೆ ಬಡ್ಡಿ 1200 ಆದರೆ ನೂರಕ್ಕೆ ತಿಂಗಳಿಗೆ ಒಂದೂವರೆಗಿಂತ ತುಸು ಹೆಚ್ಚು, ವರ್ಷಕ್ಕೆ ಸುಮಾರು ಹದಿನೆಂಟೂವರೆ. ಹತ್ತು ಎಂದು ಹೇಳಿದವರು ಸುಳ್ಳು ಹೇಳಲಿಲ್ಲ. ಯಾವುದರ ಮೇಲಿನ ಹತ್ತು ಎಂಬುದನ್ನು ಹೇಳಲಿಲ್ಲ. 2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕು ಮನೆಮಂದಿಯ ಹಾಗೂ ಸಣ್ಣ ಉದ್ದಿಮೆಗಳ ಹೊಸ ಅವಧಿಸಾಲಗಳಿಗೆ, ಎಲ್ಲ ವೆಚ್ಚವೂ ಸೇರಿದ ವಾರ್ಷಿಕ ದರವನ್ನು ಕಾಣಿಸುವ ಮುಖ್ಯಾಂಶಗಳ ಪತ್ರವನ್ನು ಕಡ್ಡಾಯಗೊಳಿಸಿದೆ. ಪ್ರಮಾಣವನ್ನು ಬಾಯಿಬಿಟ್ಟು ಹೇಳಿ ಎಂಬ ಹಳೆಯ ನಿಯಮವೇ ಈಗ ಕಾನೂನಿನ ವೇಷದಲ್ಲಿ ಮರಳಿದೆ. ಆ ಪತ್ರವನ್ನು ಓದಿ ತಿಳಿಯಬಲ್ಲವರು ಮನೆಗೊಬ್ಬರಾದರೂ ಇರಬೇಕು.

ಕೊನೆಯದಾಗಿ ನಮ್ಮ ಬಸದಿಗಳ ಆಡಳಿತ ಮಂಡಳಿಗಳಿಗೆ ಸಂಬಂಧಿಸಿದ ಒಂದು ಲೆಕ್ಕ. ಶ್ರವಣಬೆಳಗೊಳದ ಶಾಸನಗಳಲ್ಲಿ ಗೊಮ್ಮಟದೇವರ ಅಭಿಷೇಕದ ಹಾಲಿಗೆ, ಹೂವಿನ ಮಾಲೆಗೆ ಭಕ್ತರು ಹೊನ್ನನ್ನು ಇಡುಗಂಟಾಗಿ ಕೊಟ್ಟು ಅದರ ಬಡ್ಡಿಯಿಂದ ಸೇವೆ ನಡೆಯುವಂತೆ ಮಾಡಿದ ಸಂಗತಿಗಳಿವೆ. ಹೊನ್ನೊಂದಕ್ಕೆ ತಿಂಗಳಿಗೆ ಹಾಗವೊಂದು ಬಡ್ಡಿ ಎಂಬ ಬಗೆಯ ಮಾತು ಅಲ್ಲಿ ಬರುತ್ತದೆ. ಹೊನ್ನಿಗೆ 10 ಹಣ, ಹಣಕ್ಕೆ 4 ಹಾಗ ಎಂದು ಹಿಡಿದರೆ ಇದು ತಿಂಗಳಿಗೆ ನೂರಕ್ಕೆ ಎರಡೂವರೆ, ವರ್ಷಕ್ಕೆ ಮೂವತ್ತು. ದರ ಹೆಚ್ಚೋ ಕಡಿಮೆಯೋ ಆ ಮಾತು ಬೇರೆ. ಇಟ್ಟ ಹೊನ್ನು, ಬಡ್ಡಿಯ ದರ, ಅದರ ಅವಧಿ, ಹಾಲಿನ ಅಳತೆ ಎಲ್ಲವನ್ನೂ ಕಲ್ಲಿನ ಮೇಲೆ ಬರೆಯಿಸಿದ್ದಾರೆ. ಊರಿನವರು ಯಾರು ಬೇಕಾದರೂ ನಿಂತು ಲೆಕ್ಕ ಹಾಕಬಹುದು.

ಇಂದಿನ ಶಾಶ್ವತ ಪೂಜಾ ನಿಧಿಯೂ ಅದೇ ವಂಶದ್ದು. 1975ರಲ್ಲಿ ಒಬ್ಬರು ತಂದೆಯ ಹೆಸರಿನಲ್ಲಿ ವರ್ಷಕ್ಕೊಂದು ಪೂಜೆಗೆಂದು ಒಂದು ಸಾವಿರ ರೂಪಾಯಿ ಕೊಟ್ಟರೆಂದು ಭಾವಿಸೋಣ. ನೂರಕ್ಕೆ ಹತ್ತರಂತೆ ನೂರು ರೂಪಾಯಿ ಬಡ್ಡಿ. ಪೂಜೆಗೆ ಎಂಬತ್ತು ಸಾಕು. ಇಂದು ದರ ಏಳೆಂದರೆ ಬಡ್ಡಿ 70, ಪೂಜೆಯ ವೆಚ್ಚ ಎರಡು ಸಾವಿರವೆಂದರೆ ಅದು ವೆಚ್ಚದ ನೂರರಲ್ಲಿ ಮೂರೂವರೆ ಪಾಲು. ಮಂಡಳಿಯವರು ಹತ್ತಾರು ದಾನಿಗಳ ಹೆಸರುಗಳನ್ನು ಒಂದೇ ದಿನದ ಸಂಕಲ್ಪದಲ್ಲಿ ಓದಿಸಿ ನಿರ್ವಹಿಸುತ್ತಾರೆ. ಇದನ್ನು ದೂಷಿಸಲಾಗದು, ಬೇರೆ ದಾರಿಯಾದರೂ ಯಾವುದು? ಆದರೆ ತತ್ತ್ವಾರ್ಥಸೂತ್ರ ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವನ್ನು ಹೇಳುತ್ತದೆ. ಪೂಜ್ಯಪಾದರ ವಿವರಣೆ ಸೂಕ್ಷ್ಮವಾಗಿದೆ. ಹೊನ್ನನ್ನು ಒತ್ತೆಯಿಟ್ಟವನು ಎಷ್ಟಿಟ್ಟೆನೆಂಬ ಸಂಖ್ಯೆಯನ್ನು ಮರೆತು ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನು 'ಹೌದು, ಅಷ್ಟೇ' ಎನ್ನುತ್ತಾನೆ. ಕದಿಯಲಿಲ್ಲ, ಕೇಳಿದ್ದನ್ನು ಕೊಟ್ಟನು. ಆದರೂ ಅದು ಅತಿಚಾರ, ಅದೂ ಅಚೌರ್ಯದಲ್ಲಲ್ಲ, ಸತ್ಯದಲ್ಲಿ. ತಪ್ಪು ಸಂಖ್ಯೆಗೆ ಹೌದೆಂದುದೇ ದೋಷ.

ದಾನಿಯ ಮಕ್ಕಳು ಬಂದು, ನಮ್ಮ ತಂದೆಯ ಪೂಜೆ ನಡೆಯುತ್ತಿದೆಯಲ್ಲವೇ ಎಂದು ಕೇಳಿದಾಗ ಕಚೇರಿಯಲ್ಲಿ ಕುಳಿತವರು ಏನು ಹೇಳಬೇಕು? ಹೆಸರು ಓದುತ್ತಿದ್ದೇವೆ, ಬಡ್ಡಿ ಎಪ್ಪತ್ತು, ವೆಚ್ಚ ಎರಡು ಸಾವಿರ, ಉಳಿದದ್ದನ್ನು ಬಸದಿ ಭರಿಸುತ್ತಿದೆ ಎಂದು ಪುಸ್ತಕ ತೆರೆದು ತೋರಿಸಬಹುದು. ಭಾನುವಾರದ ಪಾಠಶಾಲೆಯಲ್ಲಿ ಶೇಕಡಾ ಲೆಕ್ಕ ಕಲಿಸುವವರು ಇದನ್ನೇ ಮಕ್ಕಳ ಮುಂದಿಡಬಹುದು. ಏಳು ಪ್ರಮಾಣ, ನೂರು ಫಲ, ಎರಡು ಸಾವಿರ ಇಚ್ಛೆ. ಆ ಒಂದು ಪೂಜೆ ತನ್ನ ಬಡ್ಡಿಯಿಂದಲೇ ನಡೆಯಬೇಕಾದರೆ ನಿಧಿ 28,571 ರೂಪಾಯಿ 43 ಪೈಸೆ ಇರಬೇಕು. ಮುಂದಿನ ವರ್ಷದ ಬೆಲೆಯೇರಿಕೆಗೆಂದು ಬಡ್ಡಿಯ ಅರ್ಧವನ್ನು ಅಸಲಿಗೇ ಸೇರಿಸುವುದಾದರೆ ಅದರ ಇಮ್ಮಡಿ, 57,142 ರೂಪಾಯಿ 86 ಪೈಸೆ.